ಕಿರೀಟದ ಮೇಲೆ ಹೆಸರಿದ್ದ ಲಕ್ಷ್ಮಿ

ದೆಹಲಿಗೆ ವರ್ಗವಾಗಿ ಬಂದ ಮೇಲೆ ನನಗೆ ನಾಣ್ಯದ ಹುಚ್ಚು ಹತ್ತಿತು. ಸರ್ಕಾರಿ ಗುಮಾಸ್ತನ ಸಂಬಳಕ್ಕೆ ಹತ್ತಬಾರದ ಹುಚ್ಚು ಅದು. ಕೂಡಿಡುತ್ತಿದ್ದದ್ದು ತೂತಿನ ಕಾಸು, ಮೈಸೂರಿನ ಆನೆ ಕಾಸು. ಕನಸಿಗೆ ಬರುತ್ತಿದ್ದದ್ದು ಮಾತ್ರ ಕ್ಯಾಲಿಫೋರ್ನಿಯಾದ ಚಿನ್ನ. ಅಲ್ಲಿ ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಾಗ ಸರ್ಕಾರಿ ಟಂಕಸಾಲೆಯೇ ಇರಲಿಲ್ಲ. ಚೀಲದಲ್ಲಿ ಚಿನ್ನದ ಪುಡಿ ಇದೆ, ರೊಟ್ಟಿ ಕೊಳ್ಳಲು ನಾಣ್ಯವಿಲ್ಲ! ಆಗ ಚಿನ್ನ ಪರೀಕ್ಷೆ ಮಾಡುವ ಖಾಸಗಿ ಜನರೇ ತಮ್ಮ ತಮ್ಮ ಹೆಸರು ಹಾಕಿ ನಾಣ್ಯ ಅಚ್ಚು ಹಾಕಿದರು. ಮುಂದೆ ಸರ್ಕಾರದ ನಾಣ್ಯ ಬಂದಾಗ ಅವುಗಳಲ್ಲಿ ಬಹುಪಾಲು ಕರಗಿಹೋದವು. ದರಿಯಾಗಂಜಿನ ಭಾನುವಾರದ ಪುಸ್ತಕದ ಸಂತೆಯಲ್ಲಿ ಸಿಕ್ಕಿದ ಹಳೇ ಕ್ಯಾಟಲಾಗಿನಲ್ಲಿ ಅವುಗಳ ಫೋಟೋ ನೋಡಿ ನೋಡಿ ಪುಟ ಸವೆಸಿದ್ದೆ. "ಊರ ಗಂಡಸರೆಲ್ಲ ಸಿನಿಮಾ ನಟಿಯರ ಫೋಟೋ ನೋಡಿದ್ರೆ, ನಮ್ಮನೆಯವರು ದುಡ್ಡಿನ ಫೋಟೋ ನೋಡ್ತಾರೆ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಮೆಟ್ರೋಗೆಂದು ಹೌಜ್ ಖಾಸಿನ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಸಮಯ. ಅಲ್ಲಿನ ಒಬ್ಬ ಕನ್ನಡದ ಅಜ್ಜಿಯ ಮನೆಗೆ ಹೆಂಡತಿ ಶುಕ್ರವಾರದ ಸಹಸ್ರನಾಮಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಬಂದವಳೇ, "ಅಜ್ಜಿ ಹತ್ರ ಒಂದು ಚಿನ್ನದ ಲಕ್ಷ್ಮೀಕಾಸು ಇದೆ ಕಣ್ರೀ, ಹಿಂದೆ ಗರುಡ. ಅದನ್ನ ಕರಗಿಸಿ ಮೊಮ್ಮಗಳಿಗೆ ತವರಿನ ತಾಳಿ ಮಾಡಿಸ್ತಾರಂತೆ. ಕರಗೋ ಮುಂಚೆ ಒಂದ್ಸಲ ನೋಡ್ಕೊಂಡು ಬನ್ನಿ" ಎಂದಳು. ನಮ್ಮಲ್ಲಿ ತಾಳಿ ಎರಡು. ಒಂದು ಗಂಡಿನ ಮನೆಯದು, ಒಂದು ಹೆಣ್ಣಿನ ತವರಿನದು. ಯಾವುದೋ ದೇವಸ್ಥಾನದ ಕಾಸಿರಬೇಕೆಂದುಕೊಂಡು, ಒಲ್ಲದ ಮನಸ್ಸಿನಿಂದಲೇ ಹೋದೆ.

ಅಜ್ಜಿ ದೇವರ ಮುಂದಿನ ಬೆಳ್ಳಿ ಬಟ್ಟಲಿನಿಂದ ಅದನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಒಂದು ಸವರನ್ನಿಗಿಂತ ಕೊಂಚ ಭಾರ. ಸುತ್ತ ನಕ್ಷತ್ರಗಳು, ನಡುವೆ ಕಿರೀಟ ತೊಟ್ಟ ಹೆಣ್ಣಿನ ಮುಖ. ವಾರವಾರವೂ ಹುಣಸೆಹಣ್ಣು ಹಚ್ಚಿ ಉಜ್ಜಿ ಆಕೆಯ ಕೆನ್ನೆ ನುಣ್ಣಗಾಗಿತ್ತು. ಭೂತಗನ್ನಡಿ ಹಿಡಿದೆ. ಕಿರೀಟದ ಅಂಚಿನಲ್ಲಿ ಕುಂಕುಮ ಮೆತ್ತಿಕೊಂಡ ಸಣ್ಣ ಅಕ್ಷರಗಳು. ಸರ್ಕಾರದ ನಾಣ್ಯವಾಗಿದ್ದರೆ ಅಲ್ಲಿ 'ಸ್ವಾತಂತ್ರ್ಯ' ಎಂಬ ಇಂಗ್ಲಿಷ್ ಪದವಿರಬೇಕು. ಇದರಲ್ಲಿ ಇದ್ದದ್ದು ಒಬ್ಬ ಮನುಷ್ಯನ ಹೆಸರು. ನನ್ನ ಕ್ಯಾಟಲಾಗಿನಲ್ಲಿದ್ದ, ಖಾಸಗಿಯಾಗಿ ನಾಣ್ಯ ಹಾಕಿದವನ ಹೆಸರು! ಹಿಂದಿದ್ದ ಗರುಡ ಅಮೆರಿಕದ ಹದ್ದು.

ಯಾವುದೋ ಹೊಳೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಯಾರೋ ಜಾಲಿಸಿ ತೆಗೆದ ಚಿನ್ನ, ಭೂಮಿಯ ಆ ಮಗ್ಗುಲಿನಿಂದ ಬಂದು ಇಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಕೈಮುಗಿಯಬೇಕೆನಿಸಿತು. ಮುಗಿದೆ ಕೂಡ. ಅಜ್ಜಿ ಅದನ್ನು ಭಕ್ತಿ ಎಂದುಕೊಂಡರು.

ಈಗ ಪೇಚಿಗೆ ಬಿದ್ದೆ. ಸುಮ್ಮನಿದ್ದರೆ ಇದು ಬರುವ ಬುಧವಾರ ಕುಲುಮೆಗೆ ಹೋಗುತ್ತದೆ. ಬಾಯಿಬಿಟ್ಟರೆ ಇಷ್ಟು ವರ್ಷ ಪೂಜಿಸಿದ ಲಕ್ಷ್ಮಿ ಲಕ್ಷ್ಮಿಯಲ್ಲ ಎನ್ನಬೇಕು. ಬಾಯಿಬಿಟ್ಟೆ. ನಾಣ್ಯದ ಆಸೆ ಅಂಥದ್ದು.

ಅಜ್ಜಿ ಎಲ್ಲ ಕೇಳಿ, ನಾಣ್ಯವನ್ನು ತಿರುಗಿಸಿ ನೋಡಿದರು. "ನಮ್ಮ ಯಜಮಾನರು ಅಮೆರಿಕದಲ್ಲಿ ನೌಕರಿ ಮಾಡ್ತಿದ್ದಾಗ ಮನೆ ಒಡತಿ ಮುದುಕಿ ಕೊಟ್ಟಿದ್ದಂತೆ. ತಂದು ಕೈಗಿಟ್ಟು, ತಗೋ ಲಕ್ಷ್ಮಿ ಬಂದಳು ಅಂದ್ರು. ಅವರಿಗೆ ಇಂಗ್ಲಿಷ್ ಓದೋಕೆ ಬರ್ತಿತ್ತಲ್ಲಪ್ಪ?"

"ಅಮೆರಿಕದಲ್ಲಿ ಕೆಲಸ ಮಾಡಿದವರಿಗೆ ಬರದೆ ಇರುತ್ತಾ, ಅಮ್ಮ?" ಎಂದೆ.

"ಆರತಿ ಮಾಡುವಾಗ ಪಕ್ಕದಲ್ಲೇ ನಿಂತು ಗಂಟೆ ಬಾರಿಸ್ತಿದ್ರು! ಸಾಯೋ ತನಕ ಬಾಯಿ ಬಿಡಲಿಲ್ಲ ನೋಡು, ಆ ಮಹಾಶಯ." ಅಜ್ಜಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಅದು ಬರೀ ನಗೆಯ ನೀರಾಗಿ ಉಳಿಯಲಿಲ್ಲ.

ಸಮಯ ನೋಡಿ ಹೇಳಿದೆ: ಇದನ್ನು ಹರಾಜಿಗೆ ಹಾಕಿದರೆ ಮೊಮ್ಮಗಳಿಗೆ ತಾಳಿಯ ಜೊತೆಗೆ ಮೈತುಂಬ ಒಡವೆ ಮಾಡಿಸಬಹುದು. ದೆಹಲಿಯಲ್ಲೇ ಬೆಳೆದ ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. "ಹಾಂ ಅಜ್ಜಿ, ಅಂಕಲ್ ಸಹೀ ಹೇಳ್ತಿದಾರೆ. ಕರಗಿಸಬೇಡಿ ಪ್ಲೀಸ್" ಎಂದಳು. ನನ್ನ ಕಡೆ ಒಂದು ವೋಟು ಬಿತ್ತಲ್ಲ ಎಂದು ಹಿಗ್ಗಿದೆ.

ಅಜ್ಜಿ ತಲೆಯಾಡಿಸಿದರು. "ಮಾರಿದ ದುಡ್ಡಲ್ಲಿ ಬರೋ ಚಿನ್ನ ಅಂಗಡಿಯವರದ್ದಾಗತ್ತೆ. ಇದು ಅವರ ಕೈ ಮುಟ್ಟಿ ಬಂದಿದ್ದು. ಮೊಮ್ಮಗಳ ತಾಳಿಗೆ ಇದೇ ಅಂತ ಹೇಳಿ ಹೋಗಿದಾರೆ. ಇವಳ ಕೊರಳಿಗೆ ಅಜ್ಜನ ಕಡೆಯಿಂದ ಬೇರೇನು ಹೋಗತ್ತೆ ಹೇಳು?" ಹುಡುಗಿ ಬಂದು ಅಜ್ಜಿಯ ತೊಡೆಗೆ ತಲೆಯಾನಿಸಿ ಕೂತಳು.

ಆಮೇಲೆ ಅಜ್ಜಿ ಕೇಳಿದ್ದು ನಾನು ಕನಸಿನಲ್ಲೂ ಎಣಿಸದ ಮಾತು. ಮನೆಯ ಚಿನ್ನ ಕರಗುವಾಗ ಅಕ್ಕಸಾಲಿಗ ಚೂರೂ ಕದಿಯದಂತೆ ಮನೆಯವರೊಬ್ಬರು ಅವನ ಎದುರು ಕಣ್ಣು ತೆಗೆಯದೆ ಕೂತಿರಬೇಕು. "ನನ್ನ ಕೈಲಿ ಆಗಲ್ಲಪ್ಪ. ಈ ನಾಣ್ಯ ನಿನ್ನಷ್ಟು ಇನ್ಯಾರಿಗೆ ಗೊತ್ತು? ನೀನೇ ಕೂತ್ಕೋ." ಸಿಟ್ಟು ಬಂತು, ನಿಜ. ಇದ್ದಬದ್ದ ಜನರಲ್ಲಿ ನಾನೇ ಬೇಕಿತ್ತೇ? ಆದರೂ ತಲೆಯಾಡಿಸಿದೆ.

ಬುಧವಾರ ರಜೆ ಹಾಕಿ ಕರೋಲ್ ಬಾಗಿನ ಅಂಗಡಿಯ ಒಳಕೋಣೆಯಲ್ಲಿ ಕೂತೆ. ಅಕ್ಕಸಾಲಿಗ ನಾಣ್ಯದ ಅಂಚನ್ನು ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು ನೋಡಿ, "ಹತ್ತರಲ್ಲಿ ಒಂಬತ್ತು ಪಾಲು ಚಿನ್ನ, ಸಾಹೇಬರೇ" ಎಂದ. ಅಲ್ಲಿನ ಸರ್ಕಾರದ ನಾಣ್ಯದ ಅಳತೆಯೂ ಅದೇ. ನೋಡುವವರೇ ಇಲ್ಲದ ನಾಡಿನಲ್ಲಿ, ಯಾವ ಸರ್ಕಾರದ ಅಂಕೆಯೂ ಇಲ್ಲದೆ, ಕಿರೀಟದ ಮೇಲೆ ಹೆಸರು ಹಾಕಿಕೊಂಡಿದ್ದ ಆತ ಒಂದು ಗುಲಗಂಜಿ ತೂಕ ಕೂಡ ಕದ್ದಿರಲಿಲ್ಲ.

ಚಿನ್ನ ಕರಗಿಸುವ ಮೂಸೆಗೆ ಹಾಕಿ ಬೆಂಕಿ ಹಿಡಿದ. ಮೊದಲು ನಕ್ಷತ್ರಗಳು ಮಸುಕಾದವು. ಮೂಗು, ಕೆನ್ನೆ ಕುಸಿದವು. ಕಿರೀಟದ ಹೆಸರು ಒಂದು ಕ್ಷಣ ತಡೆದು ನಿಂತಂತಿತ್ತು, ಆಮೇಲೆ ಅದೂ ಹೋಯಿತು. ಮೂಸೆಯ ತಳದಲ್ಲಿ ಹೊಳೆಯುವ ಒಂದು ಹನಿ ನಡುಗುತ್ತಿತ್ತು. ಅಷ್ಟು ಚೆಂದದ್ದನ್ನು ನಾನು ಯಾವ ಕ್ಯಾಟಲಾಗಿನಲ್ಲೂ ನೋಡಿರಲಿಲ್ಲ. ನಾನು ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂತೆಂದುಕೊಂಡು ಅಕ್ಕಸಾಲಿಗ ಫ್ಯಾನು ಹಾಕಿದ.

ಅದು ತಾಳಿಯಾಗುವವರೆಗೂ ಕೂತಿದ್ದು ಸಂಜೆ ತಂದಾಗ ಅಜ್ಜಿ ಬಾಗಿಲಲ್ಲೇ ಕಾದಿದ್ದರು. ತಾಳಿಯನ್ನು ಕಣ್ಣಿಗೊತ್ತಿಕೊಂಡು, "ಮೋಸ ಗೀಸ ಏನೂ ಆಗಲಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲಮ್ಮ," ಎಂದೆ. "ಯಾರೂ ಮೋಸ ಮಾಡಿಲ್ಲ."