ಕಳಶಕ್ಕೆ ರಣರಂಗದ ನಾಣ್ಯ

1996, ಆಗಸ್ಟ್ 23, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ ಎಂದು ನನ್ನ ಡೈರಿಯಲ್ಲಿದೆ. ಕಳಶಕ್ಕೆ ಹೊಸ ಬೆಳ್ಳಿ ನಾಣ್ಯ ಹಾಕುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಗೆಳತಿ ಅಮೆರಿಕದಿಂದ ತಂದುಕೊಟ್ಟಿದ್ದು ಇತ್ತಲ್ಲ ಎಂದು ಬೇರೆ ಕೊಂಡಿರಲಿಲ್ಲ. ಎನ್.ಆರ್. ಕಾಲೋನಿಯಿಂದ ಮೊದಲ ಸಲ ಬಂದಿದ್ದ ಪುರೋಹಿತರು ಆ ನಾಣ್ಯ ನೋಡಿ ಕನ್ನಡಕ ಏರಿಸಿದರು.

“ಯಾವ ದೇವರಮ್ಮಾ ಇದು?”

“ದೇವರಲ್ಲ. ಅಲ್ಲಿನ ಹಳೇ ರಣರಂಗವನ್ನ ಪಾರ್ಕ್ ಮಾಡಿದಾರಂತೆ, ಅದರ ನೆನಪಿಗೆ.”

“ಹೆಣ ಬಿದ್ದ ಜಾಗ! ಹಬ್ಬದ ದಿನ ಕಳಶಕ್ಕಾ?”

“ಕುರುಕ್ಷೇತ್ರದಲ್ಲೇನು ಹೂ ಬಿದ್ದಿತ್ತಾ?”

“ಅಲ್ಲಿ ಕೃಷ್ಣ ಇದ್ದ. ಇಲ್ಲಿ ಯಾರಿದ್ರು?”

ನಾಣ್ಯವನ್ನು ಅವರ ಕಣ್ಣಿನ ಹತ್ತಿರ ಹಿಡಿದೆ. ಸೈನಿಕನೊಬ್ಬ ಗಾಯಗೊಂಡ ಶತ್ರುವಿಗೆ ನೀರು ಕುಡಿಸುತ್ತಿದ್ದ. ಪುರೋಹಿತರು ಬಗ್ಗಿ ನೋಡಿದರು.

“ಇದು ಜಲದಾನ. ಹಾಕಿ, ಹಾಕಿ.”

ನಾಣ್ಯ ಬುಳಕ್ಕನೆ ಕಳಶದ ನೀರಿಗೆ ಬಿತ್ತು. ಜಲದಾನಕ್ಕೆ ಸಂಕಲ್ಪ ಬೇರೆಯಂತೆ. ದಕ್ಷಿಣೆ ಹನ್ನೊಂದು ರೂಪಾಯಿ ಜಾಸ್ತಿಯಾಯಿತು.