ಪಾಡೊವಾದಲ್ಲಿ ನೋಡಿಟ್ಟ ಮನೆ

ಕಳೆದ ವಾರ ಎಲೆಕ್ಟ್ರಾನಿಕ್ ಸಿಟಿಯಿಂದ ಬಸ್ಸಲ್ಲಿ ಬರುವಾಗ ಪಕ್ಕದಲ್ಲಿ ಕೂತ ಅಜ್ಜಿಯ ಸ್ವೆಟರ್‌ನಿಂದ ನುಸಿಗುಳಿಗೆಯ ವಾಸನೆ ಬಂತು. ನಾನು ಇಳಿಯಬೇಕಾದ ಸ್ಟಾಪು ದಾಟಿದ್ದೂ ಗೊತ್ತಾಗಲಿಲ್ಲ. ಇದೇ ವಾಸನೆಯ ಸ್ವೆಟರ್ ಹಾಕಿಕೊಂಡು ನಮ್ಮ ಓನರ್ ಆಂಟಿ ಮೇ ತಿಂಗಳ ಬಿಸಿಲಲ್ಲಿ ಟೆರೇಸಿನ ಮೇಲೆ ಓಡಾಡುತ್ತಿದ್ದರು.

"ಜುಲೈಲಿ ಅಲ್ಲೂ ಸೆಕೆನೇ ಆಂಟಿ, ಇದೆಲ್ಲ ಬೇಡ" ಅಂದರೆ, "ಅಬ್ಯಾಸ ಆಗ್ಲಿ ಬುಡಮ್ಮ" ಅನ್ನುತ್ತಿದ್ದರು. ಅಲ್ಲಿ ಅಂದರೆ ಇಟಲಿ.

ಚಂದಾಪುರದಲ್ಲಿ ಅವರ ಮನೆಯ ಮೇಲಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಜಿಗಣಿಯಲ್ಲಿ ಫ್ಯಾಕ್ಟರಿ ಕೆಲಸ, ಕೆಲಸ ಮುಗಿದರೆ ಇಟಲಿ. ಯಾರೂ ಕಲಿಸಿದ್ದಲ್ಲ. ಫೋನಿನಲ್ಲಿ ನೋಡಿ ನೋಡಿಯೇ ಅಲ್ಲಿನ ಊರುಗಳು, ರೈಲುಗಳು ಬಾಯಿಪಾಠ ಆಗಿದ್ದವು. ಆಂಟಿ ಕಡೆಯ ಹಸುವನ್ನೂ ಮಾರಿದ ವರ್ಷ ಅದು. ಮದುವೆಯಾಗಿ ಬಂದಾಗಿನಿಂದ ಎಲ್ಲಿಗೆ ಹೋದರೂ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರುತ್ತಿದ್ದವರು. ಗಂಡ ತೀರಿಕೊಂಡ ಮೇಲಂತೂ ತಪ್ಪಿಸುವ ಮಾತೇ ಇರಲಿಲ್ಲ. ಒಂದು ದಿನ ಹಪ್ಪಳ ಒಣಹಾಕುತ್ತಾ ನನ್ನ ಫೋನಿನೊಳಗೆ ಇಣುಕಿ ಕೇಳಿದರು, "ನಾನೂ ಬರ್ಲಾ? ಒಂದ್ಸಲ ಬ್ಯಾರೆ ಊರಾಗೆ ಬೆಳಿಗ್ಗೆ ಕಣ್ ಬುಡ್ಬೇಕು ಅಂತ ಆಸೆ ಕಣಮ್ಮ."

ನನ್ನ ಪ್ಲಾನು ಐದು ಊರು, ಐದು ಹೋಟೆಲು. ಕೇಳಿ ನಕ್ಕುಬಿಟ್ಟರು.

"ಐದೂರಾಗೂ ಆಲ್ ಉಕ್ಕುಸ್ಕೊಂಡ್ ಕೂತ್ಕೊಳ್ಳಾನಾ?"

ಅವರ ಲೆಕ್ಕದಲ್ಲಿ ಹೊಸ ಜಾಗಕ್ಕೆ ಕಾಲಿಟ್ಟರೆ ಮೊದಲು ಒಲೆಯ ಮೇಲೆ ಹಾಲು ಉಕ್ಕಬೇಕು, ಆಮೇಲೆ ಮಲಗುವುದು. ನಾನು ರೂಮಿಗೆ ಬಂದ ದಿನವೂ ಅವರೇ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಗಾಗಿ ಇಟಲಿಯಲ್ಲೂ ಒಂದೇ ಊರು, ಅಡುಗೆಮನೆ ಇರುವ ಒಂದೇ ಮನೆ. ಬೆಳಗ್ಗೆ ಹೊರಟು ಉಳಿದ ಊರು ನೋಡಿ ಸಂಜೆಗೆ ವಾಪಸ್.

ವೆನಿಸ್‌ನಲ್ಲೇ ಇರೋಣ, ನೀರಿನ ಮೇಲಿನ ಊರು ಅಂದೆ.

"ಮೆಜೆಸ್ಟಿಕ್ ನೋಡಕ್ ಬಂದೋರು ಮೆಜೆಸ್ಟಿಕ್ಕಲ್ಲೇ ಮನೆ ಮಾಡ್ತಾರಾ? ನಮ್ ಚಂದಾಪುರದಂಗಿರಾದ್ ನೋಡು. ಎಲ್ಲಾ ಕಡೀಕೂ ಗಾಡಿ ಸಿಗ್ಬೇಕು, ಅಂಗ್ಡಿ ಇರ್ಬೇಕು, ಗಲಾಟೆ ಇರ್ಬಾರ್ದು."

"ಚಂದಾಪುರದಲ್ಲಿ ಗಲಾಟೆ ಇಲ್ವಾ ಆಂಟಿ?"

"ಬಾಯ್ ಮುಚ್ಕೊಂಡ್ ಉಡುಕು."

ಬೊಲೊನ್ಯಾ ದೊಡ್ಡದಾಯಿತು. ವಿಚೆಂಜಾ ನಮ್ಮ ಪಕ್ಕದ ಆನೇಕಲ್ ಥರ ಅಂದಿದ್ದೇ ತಪ್ಪು, ಅದೂ ಬೇಡವಾಯಿತು. ಕೊನೆಗೆ ಸಿಕ್ಕಿದ್ದು ಪಾಡೊವಾ. ವೆನಿಸ್ಸಿಗೂ ವೆರೋನಾಕ್ಕೂ ಫೆರಾರಾಕ್ಕೂ ಅಲ್ಲಿಂದ ರೈಲು ಬದಲಾಯಿಸದೆ ಹೋಗಬಹುದು. ಬೀದಿಗಳ ಪಕ್ಕ ಕಮಾನಿನ ಮಾಡು, ಮಳೆ ಬಂದರೂ ನೆನೆಯದೆ ನಡೆಯಬಹುದು. ಊರ ನಡುವೆ ತರಕಾರಿ ಮಾರ್ಕೆಟ್ಟು. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಮನೆ ನೋಡಿಟ್ಟೆ. ಆಂಟಿ ಬೇರೆ ಯಾವ ಫೋಟೋನೂ ನೋಡಲಿಲ್ಲ, ಅಡುಗೆಮನೆಯದನ್ನೇ ದೊಡ್ಡದು ಮಾಡಿ ನೋಡಿದರು.

"ಅದು ಕರೆಂಟ್ ಒಲೆ. ಹಾಲು ಉಕ್ಕಿದ್ರೆ ತಾನೇ ಆಫ್ ಆಗ್ಬಿಡುತ್ತೆ" ಅಂದೆ.

"ಉಕ್ಕಿದ್ ಮ್ಯಾಕ್ ತಾನೆ? ಆಗ್ಲಿ ಬುಡು."

ಪಾಸ್‌ಪೋರ್ಟ್ ಆಯಿತು, ವೀಸಾ ಬಂತು, ಜುಲೈಗೆ ನನಗೆ ರಜೆಯೂ ಸಿಕ್ಕಿತು. ಟಿಕೆಟ್ ಮಾಡಲು ಕೂತಾಗ ಆಂಟಿ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದರು.

"ಅವಾಗ ಆಸಾಡ ಅಲ್ವೇನಮ್ಮ? ಆಸಾಡದಾಗೆ ಒಸಾ ಮನೇಲಿ ಆಲ್ ಉಕ್ಕುಸ್ತಾರಾ?"

ಅದು ನಾಲ್ಕು ದಿನದ ಬಾಡಿಗೆ ಮನೆ, ಆ ದೇಶದಲ್ಲಿ ಆಷಾಢವೇ ಇಲ್ಲ ಅಂತೆಲ್ಲ ವಾದ ಮಾಡಿದೆ.

"ಅವ್ರಿಗಿಲ್ದಿದ್ರೆ ಏನು, ನಂಗೈತಲ್ಲ. ಸ್ರಾವಣದಾಗೆ ಓಗಾನ."

ಹಟ ಹಿಡಿದರೆ ಬಗ್ಗುವವರಲ್ಲ. ಬೇಜಾರಾದರೂ ರಜೆ ಮುಂದಕ್ಕೆ ಹಾಕಿಸಿದೆ. ಟಿಕೆಟ್ಟೂ ಶ್ರಾವಣಕ್ಕೇ ಆಯಿತು. ಅಷ್ಟರಲ್ಲಿ...

ಆಷಾಢ ಇನ್ನೂ ಮುಗಿದಿರಲಿಲ್ಲ. ಬೆಳಗ್ಗೆ ಅಂಗಡಿಗೆ ಹೊರಟ ಆಂಟಿ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಗೋಡೆಗೆ ತಲೆ ಆನಿಸಿದ್ದರು. ಸುಸ್ತಾಗಿರಬೇಕು ಅಂದುಕೊಂಡು ನಾನು ಮೇಲಿಂದಲೇ ಕರೆದೆ. ಹತ್ತಿರ ಹೋಗಿ ಕೈ ಮುಟ್ಟಿದೆ... ಡಾಕ್ಟರು ಬಂದು ಹಾರ್ಟ್ ಅಟ್ಯಾಕ್ ಅಂದರು. ಆಸ್ಪತ್ರೆಗೆ ಹೋಗುವ ಪ್ರಮೇಯವೂ ಬರಲಿಲ್ಲ.

ಶ್ರಾವಣ ಬಂತು. ವಿಮಾನ ಹೊರಡಬೇಕಾದ ದಿನ ನಾನು ಎಂದಿನಂತೆ ಫ್ಯಾಕ್ಟರಿ ಬಸ್ ಹತ್ತಿದೆ.

ಈಗ ಬೇರೆ ಮನೆಯಲ್ಲಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಈಚೆಗೆ ಕೇಳಿದಳು, ಇಟಲಿಗೆ ಹೋದರೆ ಯಾವ ಊರಲ್ಲಿ ಇರಬೇಕು ಅಂತ. ಉಸಿರು ಬಿಡದೆ ಎಲ್ಲ ಹೇಳಿದೆ.

"ಸಕ್ಕತ್ ಕಣೇ, ನೀನ್ ಯಾವಾಗ್ ಹೋಗಿದ್ದೆ?"

"ಹೋಗಿಲ್ಲ" ಅಂದೆ.

ಅವಳು ಇಟಲಿಗೆ ಹೋದಳು. ಪಾಡೊವಾದಿಂದ ನಿನ್ನೆ ಫೋಟೋ ಕಳಿಸಿದ್ದಾಳೆ, ಬೆಳಗ್ಗೆ ಎದ್ದ ಕೂಡಲೇ ಕಿಟಕಿಯಿಂದ ತೆಗೆದದ್ದು. ಕಮಾನುಗಳ ಕೆಳಗೆ ಇನ್ನೂ ಮಬ್ಬು, ಒಂದು ಅಂಗಡಿಯ ಶಟರ್ ಅರ್ಧ ಎದ್ದಿದೆ. ಆ ಕಿಟಕಿಯ ಹತ್ತಿರ ಹಾಗೆ ಕಣ್ಣುಜ್ಜಿಕೊಂಡು ನಿಲ್ಲಬೇಕಾಗಿದ್ದವರು ಬೇರೆ ಒಬ್ಬರು. ಚೆನ್ನಾಗಿದೆ ಅಂತ ಬರೆದು ಅಳಿಸಿದೆ.