ಸಾವಿಲ್ಲದ ಮನೆಗೆ ಸಾರು ತರಿಸಿದ ಹಾಡು

ಪೂರ್ತಿ ಬೆಳಕು ಹರಿಯುವ ಮುಂಚೆಯೇ ಅದ್ದೊಲೊರಾತಾ ಸ್ಪೆದಿಕಾತೊ ನೆಲದೊಳಗೆ ಇಳಿಯುತ್ತಾರೆ. ದಕ್ಷಿಣ ಇಟಲಿಯ ವಿನ್ಯಾಗ್ರೇಕಾ ಊರಿನಾಚೆ ಬಂಡೆ ಕೊರೆದು ಮಾಡಿದ ಹಳೆಯ ಎಣ್ಣೆ ಗಾಣವಿದೆ. ಸುತ್ತಲ ಆಲಿವ್ ಮರಗಳು ರೋಗ ತಗುಲಿ ಒಣಗಿ ನಿಂತ ಮೇಲೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಅವರ ಬೆನ್ನಿಗೆ ಗಿಟಾರ್, ಕಂಕುಳಲ್ಲಿ ಗೆಜ್ಜೆ ಕಟ್ಟಿದ ತಮಟೆ, ಕೈಯಲ್ಲೊಂದು ಬಿಳಿ ಕರವಸ್ತ್ರ. ಕೆಳಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಮೊಬೈಲನ್ನು ಮೇಲಿನ ಮೆಟ್ಟಿಲ ಮೇಲೆ ಇಡುತ್ತಾರೆ. ಇವತ್ತು ಅದನ್ನು, ಅವರ ಬಗ್ಗೆ ಬರೆಯಲು ಬಂದ ನನ್ನ ಕೈಗೆ ಕೊಟ್ಟಿದ್ದಾರೆ.

"ಬಡಕೊಂಡ್ರೆ ಕೂಗಿ. ನನ್ನ ಹೆಸರು ಕೂಗಿದ್ರೆ ಸಾಕು, ಏನಾಯ್ತು ಅಂತ ಮೇಲಿಂದ ಹೇಳ್ಬೇಡಿ," ಎನ್ನುತ್ತಾರೆ.

ಮನೆಯಲ್ಲಿ ತಾಯಿ ಪಂತಲೇಆ ಮಲಗಿದ್ದಾರೆ. ಹೃದಯ ಸೋತಿದೆ, ಯಾವ ದಿನವಾದರೂ ಏನಾದರೂ ಆಗಬಹುದು ಎಂದು ಡಾಕ್ಟರು ಹೇಳಿ ತಿಂಗಳುಗಳಾದವು. ಪಕ್ಕದ ಮನೆಯ ಚೆಸಾರಿಯಾ ಹಾಸಿಗೆ ಪಕ್ಕ ಕೂತಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತು, ಬಾಂಬು ಹಿಡಿದವರ ಹಾಗೆ ಫೋನು ಹಿಡಿದಿದ್ದೇನೆ. ಕೆಳಗಿನಿಂದ ಹಾಡು ಏಳುತ್ತದೆ. ಮೊದಲು ಗಿಟಾರ್, ನಿಧಾನ, ಅಮೆರಿಕದ ಹತ್ತಿ ಹೊಲದ ಕೂಲಿಯವರು ಹಾಡುತ್ತಿದ್ದ ಬ್ಲೂಸ್ ಧಾಟಿಯಲ್ಲಿ. ಅದರೊಳಕ್ಕೆ ತಮಟೆ ನುಗ್ಗುತ್ತದೆ, ನಮ್ಮ ಕಡೆಯ ಕುಣಿತದ ಓಟದಲ್ಲಿ. ಎರಡೂ ಹೊಂದಿಕೊಂಡವು ಅನ್ನುವಷ್ಟರಲ್ಲಿ ದನಿ ಬರುತ್ತದೆ, ಊರಿನ ಹಳೆಯ ಗ್ರೀಕ್ ಮಾತಿನಲ್ಲಿ. ಅದು ಹೆಣದ ಮುಂದೆ ಅಳುವ ಹಾಡು. ಫೋನನ್ನು ಮತ್ತೊಮ್ಮೆ ನೋಡುತ್ತೇನೆ.

ಲೊರಾತಾ, ಊರವರು ಹಾಗೇ ಕರೆಯುವುದು, ಈ ಹಾಡನ್ನು ಕಲಿತದ್ದು ಅಜ್ಜಿಯ ತಂಗಿ ವಿತಾ ಅವರಿಂದ. ಸಾವಾದ ಮನೆಗೆ ವಿತಾಗೆ ಕರೆ ಬರುತ್ತಿತ್ತು. ಕೂದಲು ಬಿಚ್ಚಿ, ಕರವಸ್ತ್ರವನ್ನು ಎರಡು ಕೈಯಲ್ಲಿ ಹಿಡಿದು ಅತ್ತಿಂದಿತ್ತ ಎಳೆಯುತ್ತ, ಸತ್ತವರ ಕಡೆಯಿಂದ ಉಳಿದವರಿಗೆ, ಉಳಿದವರ ಕಡೆಯಿಂದ ಸತ್ತವರಿಗೆ ಮಾತು ಕಟ್ಟಿ ಹಾಡುತ್ತಿದ್ದರು. ಆ ಮನೆಯವರು ಗೋಧಿಯೋ, ಒಣಗಿದ ಅಂಜೂರವೋ ಕೊಟ್ಟು ಕಳಿಸುತ್ತಿದ್ದರು. ಜೊತೆಗೆ ಹೋಗುತ್ತಿದ್ದ ಪುಟ್ಟ ಲೊರಾತಾಗೆ ಅಂಜೂರದ ಆಸೆ. "ಯಾರಾದ್ರೂ ಸಾಯ್ಲಿ ಅಂತ ಬೇಡ್ಕೊಂಡಿದ್ದೂ ಉಂಟು. ದೇವರು ಲೆಕ್ಕ ಇಟ್ಟಿರ್ತಾನೆ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಹರೆಯಕ್ಕೆ ಬಂದ ಮೇಲೆ ಉತ್ತರಕ್ಕೆ, ಬೊಲೋನ್ಯಾಕ್ಕೆ ಹೋದರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಅಲ್ಲಿ ಜೊತೆಗೆ ದುಡಿಯುತ್ತಿದ್ದ ಸೆನೆಗಾಲಿನ ಮಾಮಾದು ಗಿಟಾರ್ ಕಲಿಸಿದ. ಹಗಲೆಲ್ಲ ಒಗೆಯುವ ಯಂತ್ರಗಳ ಸದ್ದು. ಆ ಸದ್ದಿನ ತಾಳಕ್ಕೇ ವಿತಜ್ಜಿಯ ಅಳುವನ್ನು ಕೂರಿಸಿ ಮೊದಲ ಹಾಡು ಕಟ್ಟಿದರು. ಆಮೇಲೆ ಒಂದಾದ ಮೇಲೊಂದು ನಾಲ್ಕು ಆಲ್ಬಂ ಬಂದವು. ಕೇಳಿದವರು ಕಡಿಮೆ. ಬಟ್ಟೆ ಒಗೆಯುವುದು ಮಾತ್ರ ನಿಲ್ಲಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಜಾನಪದ ಸಂಗೀತದವರು ಅಳುವ ಹಾಡನ್ನು ಲೊರಾತಾ ಕೆಡಿಸಿದಳು ಎಂದರು. ಗಿಟಾರಿನವರು ಇದು ಮುದುಕಿಯರ ಗೋಳು ಎಂದರು. ರೇಡಿಯೋದವರಿಗೆ ಯಾವ ಕಾರ್ಯಕ್ರಮದಲ್ಲಿ ಹಾಕಬೇಕೆಂದೇ ತಿಳಿಯಲಿಲ್ಲ, ಹಾಕಲೂ ಇಲ್ಲ. ಒಬ್ಬ ಮಹಾಶಯ ಕಾರ್ಯಕ್ರಮ ಮುಗಿದ ಮೇಲೆ ಮೈಕ್ ಹಿಡಿದು, ಇದರಲ್ಲಿ ಸತ್ಯವಿಲ್ಲ ಎಂದು ಎಲ್ಲರೆದುರು ಹೇಳಿದನಂತೆ. ಲೊರಾತಾ ಗಿಟಾರ್ ಚೀಲಕ್ಕೆ ತುಂಬಿ ಬಂದರು. ನಾನಾಗಿದ್ದರೆ ಆ ಚೀಲದಲ್ಲೇ ಬಾರಿಸುತ್ತಿದ್ದೆ.

ತಾಯಿಗೆ ಹುಷಾರಿಲ್ಲವೆಂದು ಕೆಲಸ ಬಿಟ್ಟು ಊರಿಗೆ ಮರಳಿದ್ದು ಕಳೆದ ವರ್ಷ. ಈಗ ಬೆಳಿಗ್ಗೆ ಹಾಡು ಮುಗಿಸಿ ಶಾಲೆಯ ಕೋಣೆಗಳನ್ನು ಒರೆಸುತ್ತಾರೆ. ಮಧ್ಯಾಹ್ನದಿಂದ ತಾಯಿಯ ಆರೈಕೆ. ಮನೆಯಲ್ಲೇ ಹಾಡಬಾರದೇ ಎಂದರೆ, ಅಲ್ಲಿ ಒಮ್ಮೆ ಹಾಡಿದ್ದಕ್ಕೇ ಈ ಗಾಣಕ್ಕೆ ಬರಬೇಕಾದದ್ದು.

ಜನವರಿಯ ಒಂದು ಬೆಳಿಗ್ಗೆ. ಹೊಸ ಹಾಡಿನ ಧ್ವನಿಮುದ್ರಣ ಕಳಿಸಬೇಕಿತ್ತು, ತಾಯಿಯನ್ನು ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಅಡುಗೆಮನೆಯ ಕಿಟಕಿ ಮುಚ್ಚಿ ಹಾಡಿದರು. ಹೆಣ ಇಲ್ಲದ ಮನೆಯ ಸೂರಿನಡಿ ಆ ಹಾಡು ಹಾಡಬಾರದು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. "ಗಿಟಾರ್ ಸೇರಿದ ಮೇಲೆ ಅದು ನನ್ನ ಹಾಡಾಯ್ತು, ಅಳು ಅಲ್ಲ ಅಂದ್ಕೊಂಡೆ," ಎನ್ನುತ್ತಾರೆ ಲೊರಾತಾ. "ಅಷ್ಟು ವರ್ಷದಿಂದ ಎಲ್ರೂ ಹಾಗೇ ಹೇಳಿದ್ರಲ್ಲ, ನಂಬ್ಬಿಟ್ಟೆ."

ಗೋಡೆಯಾಚೆ ಚೆಸಾರಿಯಾ ಕೇಳಿಸಿಕೊಂಡರು. ಕೇಳಿಸಿಕೊಂಡವರು ಸುಮ್ಮನಿರಲಿಲ್ಲ, ಕೋಳಿ ಕೊಯ್ದು ಸಾರಿಗಿಟ್ಟರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಊಟ ನೆರೆಯವರೇ ತರಬೇಕು. ಮಧ್ಯಾಹ್ನದ ಹೊತ್ತಿಗೆ ಓಣಿಯೇ ಬಾಗಿಲಲ್ಲಿ. ಗಂಡಸರು ಟೋಪಿ ತೆಗೆದು ನಿಂತಿದ್ದಾರೆ. ಯಾರೋ ಕಾಫಿ ತಂದಿದ್ದಾರೆ, ಯಾರೋ ಸಕ್ಕರೆ. ಚರ್ಚಿನ ಗಂಟೆ ಯಾವಾಗ ಹೊಡೆಯಲಿ ಎಂದು ಕೇಳಲು ಗಂಟೆಯವನೂ ಬಂದಿದ್ದಾನೆ. ಲೊರಾತಾ ಗಿಟಾರ್ ಹಿಡಿದೇ ಬಾಗಿಲು ತೆರೆದರು. ಅವರನ್ನು ದಾಟಿ ಚೆಸಾರಿಯಾ ನೇರ ಒಳಕೋಣೆಗೆ ಹೋಗಿ, ಸಾರಿನ ಪಾತ್ರೆ ಹಿಡಿದು ಹಾಸಿಗೆಯ ಮುಂದೆ ನಿಂತರು. ಹಾಸಿಗೆಯಲ್ಲಿದ್ದ ಪಂತಲೇಆ ಕಣ್ಣು ಬಿಟ್ಟು, ಯಾರು ಸತ್ತದ್ದು ಎಂದು ಕೇಳಿದರು.

"ನೀನೇ, ಲೇಯಕ್ಕ," ಎಂದರು ಚೆಸಾರಿಯಾ.

"ಹಾಗಾದ್ರೆ ಕೂತ್ಕೊ. ಸಾರು ಆರೋಗುತ್ತೆ."

ಎರಡು ಬಟ್ಟಲು ಕುಡಿದರು. ಅವತ್ತು ಓಣಿಯೆಲ್ಲ ನಕ್ಕಿತು. ಆದರೆ ಮುಂದಿನ ವಾರವೇ ಪಂತಲೇಆ ಉಸಿರಾಡಲಾಗದೆ ಲೆಚ್ಚೆ ನಗರದ ಆಸ್ಪತ್ರೆ ಸೇರಿದರು. ನಗು ನಿಂತಿತು. ಕರೆದ ಹಾಡು ಬರಿಗೈಯಲ್ಲಿ ಹೋಗುವುದಿಲ್ಲ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಲೊರಾತಾ ಕಿವಿಗೂ ಬಿತ್ತು. ಅಂದಿನಿಂದ ಅವರು ಮನೆಯಲ್ಲಿ ಶಿಳ್ಳೆ ಕೂಡ ಹಾಕಿಲ್ಲ. ತಾಯಿ ಮಲಗಿದಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾರೆ, ನಿದ್ದೆಯಿಂದ ಎದ್ದು ಮತ್ತೆ ನೋಡುತ್ತಾರೆ.

ಈಗ ಊರಿನ ಪಾಲಕ ಸಂತನ ಹಬ್ಬ ಬಂದಿದೆ. ಭಾನುವಾರ ಸಂಜೆ ಚೌಕದಲ್ಲಿ ಲೊರಾತಾ ಹಾಡಬೇಕು, ಅದೂ ಅದೇ ಹಾಡನ್ನು, ಎಂದು ಸಮಿತಿಯವರು ಕೇಳಿದ್ದಾರೆ. ಹುಟ್ಟಿದ ಊರು ಇವರನ್ನು ಕರೆಯುತ್ತಿರುವುದು ಇದೇ ಮೊದಲು. ಪಂತಲೇಆ ಮಲಗುವ ಕೋಣೆಯ ಕಿಟಕಿ ತೆರೆಯುವುದೂ ಆ ಚೌಕಕ್ಕೇ. ಇವತ್ತು ಮಧ್ಯಾಹ್ನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ತಾಯಿಗೆ ವಿಷಯ ಹೇಳಿಲ್ಲ.

"ಹಾಡಿ ಅವ್ವಂಗೆ ಏನಾದ್ರೂ ಆದ್ರೆ, ಜನ ಏನಂತಾರೆ ಅನ್ನೋ ಚಿಂತೆ ಅಲ್ಲ. ನಾನೇ ಏನಂತೀನಿ ನನಗೆ?" ಎಂದು ಕೆಳಗಿಳಿಯುವ ಮುಂಚೆ ಕೇಳಿದ್ದರು.

ಫೋನು ಬಡಿದುಕೊಳ್ಳುತ್ತದೆ. ಚೆಸಾರಿಯಾ. ನಾನು ಲೊರಾತಾ ಎಂದು ಕೂಗುತ್ತೇನೆ. ಹಾಡು ಪದದ ನಡುವೆ ತುಂಡಾಗುತ್ತದೆ, ತಮಟೆ ಕಲ್ಲಿಗೆ ಬಿದ್ದ ಸದ್ದು. ಗಿಟಾರ್ ಕೆಳಗೇ ಬಿಟ್ಟು, ಕರವಸ್ತ್ರ ಹಿಡಿದೇ ಮೇಲೆ ಬರುತ್ತಾರೆ. ಫೋನನ್ನು ಕಿವಿಗಿಟ್ಟು ಕೇಳುತ್ತಾರೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ.

"ಅವ್ವ ಬೈತಿದಾಳೆ. ಈಗ್ಲೇ ಬರ್ಬೇಕಂತೆ."

ಮನೆಯಲ್ಲಿ ಪಂತಲೇಆ ದಿಂಬಿಗೊರಗಿ ಕೂತಿದ್ದಾರೆ. ಮಾತಾಡಲು ಉಸಿರು ಸಾಲದು, ಸಿಟ್ಟಿಗೆ ಸಾಲುತ್ತದೆ. ಚೆಸಾರಿಯಾ ಬಾಯಿ ಬಿಟ್ಟಿದ್ದಾರೆ, ಹಬ್ಬದ ವಿಷಯ ಗೊತ್ತಾಗಿದೆ. ಚೆಸಾರಿಯಾ ಗೋಡೆ ನೋಡುತ್ತ ನಿಂತಿದ್ದಾರೆ.

"ನೆಲದೊಳಗೆ ಹೋಗಿ ಹಾಡ್ತೀಯಂತೆ, ಇಲಿ ಹಾಗೆ," ಎನ್ನುತ್ತಾರೆ ಪಂತಲೇಆ ಮಗಳಿಗೆ.

"ನಿನ್ಗೋಸ್ಕರ ಅವ್ವ. ಅವತ್ತು ನಾನು ಹಾಡ್ಬಾರ್ದಿತ್ತು."

ಪಂತಲೇಆ ಉಸಿರು ಕೂಡಿಸಿಕೊಳ್ಳುತ್ತಾರೆ. "ಅವತ್ತು ಯಾರು ಸತ್ತದ್ದು ಅಂತ ನಾನು ಕೇಳಿದ್ದು ತಮಾಷೆಗಲ್ಲ ಕಣೆ. ಹಾಡು ಕೇಳ್ತಾ ಕೇಳ್ತಾ, ನಾನು ಸತ್ತೇ ಹೋದ್ನೇನೋ ಅಂತ ನನಗೇ ಅನುಮಾನ ಬಂತು. ವಿತಾ ಹಾಡ್ದಾಗ ಕೂಡ ಹಾಗಾಗಿರ್ಲಿಲ್ಲ."

ಲೊರಾತಾ ಕೈಯಲ್ಲಿದ್ದ ಕರವಸ್ತ್ರ ಮಡಿಸುತ್ತಾರೆ, ಬಿಚ್ಚುತ್ತಾರೆ. ಹಾಡಿನಲ್ಲಿ ಸತ್ಯವಿಲ್ಲ ಎಂದ ಮಹಾಶಯ ಆ ಕೋಣೆಯಲ್ಲಿ ಇರಬೇಕಿತ್ತು.

ಪಂತಲೇಆ ಅವರ ತೀರ್ಮಾನ ಇಷ್ಟು: ಭಾನುವಾರ ಮಗಳು ಹಾಡಬೇಕು. ಚೌಕಕ್ಕೆ ಸೂರಿಲ್ಲ, ದೋಷವೂ ಇಲ್ಲ. ತನ್ನನ್ನು ಕುರ್ಚಿ ಸಮೇತ ಹೊತ್ತು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಬದುಕಿದ್ದೇನೆ ಎಂದು ಓಣಿಯವರೆಲ್ಲ ಕಣ್ಣಾರೆ ನೋಡಿಕೊಂಡೇ ಹಾಡು ಕೇಳಲಿ. ಡಾಕ್ಟರು ಒಪ್ಪುವುದಿಲ್ಲ ಎಂದು ಲೊರಾತಾ ಹೇಳಿದರೆ, ಅವರಿಗೂ ಒಂದು ಕುರ್ಚಿ ಹಾಕಿಸು ಎನ್ನುತ್ತಾರೆ. ಚೆಸಾರಿಯಾ ಮೆಲ್ಲಗೆ, ಹಾಗಾದರೆ ಸಾರು ಮಾಡಲೋ ಬೇಡವೋ ಎಂದು ಕೇಳುತ್ತಾರೆ. ಮಾಡು, ಉಪ್ಪು ಮರೆಯಬೇಡ ಎಂದು ಉತ್ತರ ಬರುತ್ತದೆ.

ಸಮಿತಿಯವರಿಗೆ ಹೌದು ಎಂದು ಹೇಳಿ ಲೊರಾತಾ ಬಾಗಿಲ ಬಳಿ ನಿಲ್ಲುತ್ತಾರೆ. ಚೌಕದಲ್ಲಿ ದೀಪದ ಕಮಾನು ಏರಿಸುವ ಸುತ್ತಿಗೆ ಸದ್ದು. ಗಾಣದಲ್ಲಿ ಬಿಟ್ಟು ಬಂದ ಗಿಟಾರ್ ತರಬೇಕು, ಶಾಲೆ ಒರೆಸಬೇಕು, ಆದರೆ ಹೊರಡುವುದಿಲ್ಲ. ಒಳಗೆ ಉಸಿರಾಟ ಕೇಳುತ್ತಿದೆಯೇ ಎಂದು ಕಿವಿ ಅಲ್ಲೇ ಇದೆ. ಭಾನುವಾರ ಎಂಥ ಜನ ಸೇರಬೇಕೆಂದು ಆಸೆ ಎಂದು ಕೇಳುತ್ತೇನೆ. ಜನರ ಮಾತು ಬೇಡ ಎಂಬಂತೆ ಕೈಯಾಡಿಸುತ್ತಾರೆ.

"ಹಾಡು ಮುಗಿದ್ಮೇಲೆ ಅವ್ವ ಆ ಕುರ್ಚೀಲಿ ಕೂತಿರ್ಬೇಕು. ಕೂತು, ನೀನು ಎಲ್ಲೆಲ್ಲಿ ತಪ್ಪು ಹಾಡ್ದೆ ಅಂತ ಹೇಳ್ಬೇಕು. ಅಷ್ಟು ಸಾಕು ನನಗೆ."